ರೆಸ್ಯೂಮೆ ಬರೆದುಕೊಡುವ ಸೇವೆ: ಮಾತುಕತೆಗೆ ಪೂರ್ತಿ ಅಂಕ, ಕಡತಕ್ಕೆ ಅರ್ಧ

ಬಿಡುವಿನ ನಂತರ ಕೆಲಸಕ್ಕೆ ಮರಳುವ ಮಹಿಳೆಯರಿಗೆಂದೇ ರೆಸ್ಯೂಮೆ ಬರೆದುಕೊಡುವ ಒಂದು ಆನ್‌ಲೈನ್ ಸೇವೆಯನ್ನು ಈಚೆಗೆ ಬಳಸಿದೆ. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಇಂಥ ಸೇವೆಗಳು ಹೆಚ್ಚುಕಡಿಮೆ ಒಂದೇ ತರಹ ನಡೆಯುತ್ತವೆ. ಮೊದಲು ಒಂದು ಫಾರ್ಮ್ ತುಂಬಬೇಕು. ಆಮೇಲೆ ಸಲಹೆಗಾರರೊಬ್ಬರ ಜೊತೆ ಫೋನಿನಲ್ಲಿ ಮಾತು. ಆಮೇಲೆ ಕರಡು ಬರುತ್ತದೆ, ತಿದ್ದುಪಡಿಗೆ ಅವಕಾಶ ಇರುತ್ತದೆ. ಕೊನೆಗೆ ರೆಸ್ಯೂಮೆ, ಕವರ್ ಲೆಟರ್, ಲಿಂಕ್ಡ್‌ಇನ್‌ಗೆ ಒಂದಿಷ್ಟು ಬರಹ ಕೈಗೆ ಸಿಗುತ್ತದೆ. ಹಾಗಾಗಿ ಯಾವ ಕಂಪನಿ ಅನ್ನುವುದಕ್ಕಿಂತ, ಇದರಲ್ಲಿ ಯಾವ ಭಾಗಕ್ಕೆ ದುಡ್ಡು ಕೊಟ್ಟರೆ ಸಾರ್ಥಕ, ಯಾವುದನ್ನು ನಾವೇ ಮಾಡಿಕೊಳ್ಳಬಹುದು ಅನ್ನುವುದನ್ನು ಹೇಳಿದರೆ ಓದುವವರಿಗೆ ಜಾಸ್ತಿ ಉಪಯೋಗ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಫೋನ್ ಮಾತುಕತೆ ತುಂಬಾ ಚೆನ್ನಾಗಿತ್ತು. ಅದಾದ ಮೇಲೆ ಬಂದ ಕಡತ ಸಾಧಾರಣ. ಕೆಲಸ ಬಿಟ್ಟ ವರ್ಷಗಳ ಬಗ್ಗೆ ಅವರು ಕೊಟ್ಟ ಸಲಹೆಯನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ನನ್ನ ಹಿನ್ನೆಲೆ ಸ್ವಲ್ಪ ಗೊತ್ತಿದ್ದರೆ ಮುಂದಿನದು ಅರ್ಥ ಆಗುತ್ತದೆ. ಲ್ಯಾಬ್ ಸಾಮಾನು ಮಾರುವ ಒಂದು ಕಂಪನಿಯಲ್ಲಿ ಒಂಬತ್ತು ವರ್ಷ ಸ್ಟೋರ್ಸ್ ಮತ್ತು ಖರೀದಿ ವಿಭಾಗದಲ್ಲಿ ಇದ್ದೆ. ಆಮೇಲೆ ಅತ್ತೆಗೆ ಪಾರ್ಶ್ವವಾಯು ಆಯಿತು. ಮಗಳು ಇನ್ನೂ ಚಿಕ್ಕವಳು. ಕೆಲಸ ಬಿಟ್ಟು ನಾಲ್ಕು ವರ್ಷ ಮನೆ ನೋಡಿಕೊಂಡೆ. ಈಗ ಅದೇ ಬಗೆಯ ಕೆಲಸ ಹುಡುಕಲು ಹೊರಟೆ.

ಫಾರ್ಮ್ ತೆರೆದ ಕೂಡಲೇ ತಕರಾರು ಶುರುವಾಯಿತು. ಹೆಸರು, ಫೋನ್, ಇಮೇಲ್ ಕೇಳಿದ್ದು ಸರಿ. ಅದಾದ ಮೇಲೆ ಹುಟ್ಟಿದ ದಿನಾಂಕ, ಮದುವೆ ಆಗಿದೆಯೇ ಇಲ್ಲವೇ, ಮಕ್ಕಳೆಷ್ಟು, ಒಂದು ಫೋಟೊ, ಮನೆಯ ಪೂರ್ತಿ ವಿಳಾಸ. ಇವನ್ನೆಲ್ಲ ರೆಸ್ಯೂಮೆಯಲ್ಲಿ ಹಾಕುತ್ತೀರಾ ಅಂತ ಇಮೇಲ್‌ನಲ್ಲಿ ಕೇಳಿದೆ. ವೈಯಕ್ತಿಕ ವಿವರ ಇದ್ದರೆ ನಂಬಿಕೆ ಹುಟ್ಟುತ್ತದೆ ಅನ್ನುವ ಅರ್ಥದ ಉತ್ತರ ಬಂತು. ಮಹಿಳೆಯರಿಗೆಂದೇ ನಡೆಸುವ ಸೇವೆ ಹೀಗೆ ಹೇಳಬಾರದು. ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞೆ ಶೆಲ್ಲಿ ಕೊರೆಲ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನೇ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಅರ್ಹತೆಯಲ್ಲಿ ಒಂದಕ್ಕೊಂದು ಸಮನಾದ ಅರ್ಜಿಗಳನ್ನು ನಿಜವಾದ ಕಂಪನಿಗಳಿಗೆ ಕಳಿಸಿದರು. ಕೆಲವು ಅರ್ಜಿಗಳಲ್ಲಿ ಮಾತ್ರ, ಶಾಲೆಯ ಪೋಷಕರ ಸಂಘದ ಕೆಲಸದಂಥ ಒಂದು ಸಾಲಿನಿಂದ, ಅರ್ಜಿದಾರರಿಗೆ ಮಗು ಇದೆ ಅಂತ ಗೊತ್ತಾಗುತ್ತಿತ್ತು. ಮಕ್ಕಳ ಸುಳಿವಿಲ್ಲದ ಹೆಂಗಸರಿಗೆ ತಾಯಂದಿರಿಗಿಂತ ಎರಡು ಪಟ್ಟಿಗೂ ತುಸು ಜಾಸ್ತಿ ಕರೆ ಬಂತು. ತಂದೆಯಂದಿರಿಗೆ ಇಂಥ ನಷ್ಟ ಆಗಲಿಲ್ಲ. ಒಂದೇ ಸಾಲಿಗೆ ಇಷ್ಟು ಪರಿಣಾಮ ಅಂದಮೇಲೆ ಮದುವೆ, ಮಕ್ಕಳು, ವಯಸ್ಸು ಎಲ್ಲವನ್ನೂ ನಾವೇ ಬರೆದು ಕೈಗೆ ಕೊಡುವುದು ಯಾಕೆ? ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಜಾಗಗಳನ್ನು ಖಾಲಿ ಬಿಟ್ಟೆ.

ವಿಳಾಸದ ವಿಷಯ ಬೇರೆಯೇ. ರೆಸ್ಯೂಮೆ ಒಮ್ಮೆ ಜಾಬ್ ಸೈಟ್‌ಗೆ ಹೋದರೆ ಅದನ್ನು ಯಾರು ಯಾರು ಇಳಿಸಿಕೊಳ್ಳುತ್ತಾರೆ ಅಂತ ನಮಗೆ ಗೊತ್ತಾಗುವುದಿಲ್ಲ. ಮನೆ ನಂಬರ್, ರಸ್ತೆ ಹಾಕುವ ಅಗತ್ಯವೇ ಇಲ್ಲ. ಊರಿನ ಹೆಸರು ಸಾಕು. ಕೆಲಸ ಹುಡುಕುವುದಕ್ಕೆ ಅಂತಲೇ ಒಂದು ಬೇರೆ ಇಮೇಲ್ ಇಟ್ಟುಕೊಳ್ಳಿ. ಸಾಧ್ಯವಾದರೆ ಬೇರೆ ಫೋನ್ ನಂಬರ್ ಕೂಡ ಇಡಿ. ಹೊತ್ತಲ್ಲದ ಹೊತ್ತಿನಲ್ಲಿ "ಹಾಯ್" ಅನ್ನುವ ಸಂದೇಶಗಳ ಕಾಟ ಅನುಭವಿಸಿದ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇನ್ನು ಫೋನ್ ಮಾತುಕತೆ. ಈ ಸೇವೆಯಲ್ಲಿ ನಿಜವಾದ ಬೆಲೆ ಇರುವುದು ಇದಕ್ಕೇ.

ಸಲಹೆಗಾರ್ತಿ ನನ್ನ ಹಳೆಯ ರೆಸ್ಯೂಮೆಯನ್ನು ಮೊದಲೇ ಓದಿಕೊಂಡು ಬಂದಿದ್ದರು. ಅದರಲ್ಲಿ ಒಂದು ಸಾಲು ಹೀಗಿತ್ತು: "ದಾಸ್ತಾನು ನಿರ್ವಹಣೆಯಲ್ಲಿ ಸಹಾಯ ಮಾಡಿದ್ದೇನೆ." ಅದನ್ನು ಓದಿ ಹೇಳಿ, ಒಂದು ಪ್ರಶ್ನೆ ಕೇಳಿದರು. "ನೀವು ರಜೆ ಹಾಕಿದ ದಿನ ಯಾವ ಕೆಲಸ ನಿಂತುಹೋಗುತ್ತಿತ್ತು?"

ಯಾವ ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದ್ದರೆ ಹುದ್ದೆಯ ಪಟ್ಟಿ ಒಪ್ಪಿಸುತ್ತಿದ್ದೆ. ಈ ಪ್ರಶ್ನೆಗೆ ಪಟ್ಟಿ ಒಪ್ಪಿಸಲು ಆಗುವುದಿಲ್ಲ. ಯೋಚನೆ ಮಾಡಬೇಕು. ನಾನು ಇಲ್ಲದ ದಿನ ಹೊಸ ಸಾಮಾನಿಗೆ ಕೋಡ್ ಕೊಡುವುದು ನಿಲ್ಲುತ್ತಿತ್ತು. ಯಾಕೆ ಅಂದರು. ಆ ಕೋಡ್ ಪಟ್ಟಿ ಮಾಡಿದ್ದೇ ನಾನು ಅಂದೆ. ಅಲ್ಲಿಂದ ಕಥೆ ಬಿಚ್ಚಿಕೊಂಡಿತು. ನಮ್ಮ ಕಂಪನಿಗೆ ಮೂರು ಗೋದಾಮು ಇದ್ದವು. ಮೂರರಲ್ಲೂ ಬೇರೆ ಬೇರೆ ಎಕ್ಸೆಲ್ ಹಾಳೆ. ಒಂದೇ ಅಳತೆಯ ಬೀಕರ್‌ಗೆ ಮೂರು ಕಡೆ ಮೂರು ಹೆಸರು. ಒಂದು ಗೋದಾಮಿನಲ್ಲಿ ರಾಶಿ ಬಿದ್ದಿರುವ ಸಾಮಾನನ್ನೇ ಇನ್ನೊಂದಕ್ಕೆ ಹೊಸದಾಗಿ ತರಿಸುತ್ತಿದ್ದರು. ಸುಮಾರು 4,000 ಐಟಂಗಳಿಗೆ ಒಂದೇ ಕೋಡ್ ಪಟ್ಟಿ ಮಾಡಿ, ಮೂರು ಹಾಳೆಗಳನ್ನು ಒಂದು ಮಾಡಿದ್ದು ನಾನು. ವರ್ಷದ ಕೊನೆಯ ಎಣಿಕೆಗೆ ಮೊದಲು ಒಂದು ವಾರ ಹಿಡಿಯುತ್ತಿತ್ತು. ಆಮೇಲೆ ಎರಡು ದಿನದಲ್ಲಿ ಮುಗಿಯತೊಡಗಿತು. ಆ ಪಟ್ಟಿಯನ್ನು ಮೀಟಿಂಗ್‌ನಲ್ಲಿ ತೋರಿಸಿದ್ದು ಮ್ಯಾನೇಜರ್. ನನ್ನ ರೆಸ್ಯೂಮೆಯಲ್ಲಿ ಉಳಿದದ್ದು "ಸಹಾಯ ಮಾಡಿದ್ದೇನೆ".

ಅವರ ಪ್ರಶ್ನೆಗಳಲ್ಲಿ ಒಂದು ಕ್ರಮ ಇತ್ತು. ನೀವು ಕೈ ಹಾಕುವ ಮೊದಲು ಅದು ಹೇಗಿತ್ತು? ನೀವು ಬಿಟ್ಟು ಬರುವಾಗ ಹೇಗಿತ್ತು? ಗೊತ್ತಾಗದಿದ್ದಾಗ ಜನ ಯಾವ ವಿಷಯಕ್ಕೆ ನಿಮ್ಮ ಹತ್ತಿರ ಬರುತ್ತಿದ್ದರು? ನಾನು "ನಾವು ಮಾಡಿದೆವು" ಅಂದಾಗಲೆಲ್ಲ ತಡೆದು, "ಅದರಲ್ಲಿ ನಿಮ್ಮ ಪಾಲು ಯಾವುದು?" ಅಂತ ಕೇಳುತ್ತಿದ್ದರು. ಕೇಳುವ ರೀತಿಯಲ್ಲಿ ಒರಟುತನ ಇರಲಿಲ್ಲ. ಬಿಡುವ ಗುಣವೂ ಇರಲಿಲ್ಲ. ಅವಧಿ ಮೀರಿದ ರಾಸಾಯನಿಕಗಳ ವಿಷಯವನ್ನು ನಾನು ಹೇಳುವುದೇ ಇಲ್ಲ ಅಂತ ಇದ್ದೆ. ಅದು ಕೆಲಸದ ಪಟ್ಟಿಯಲ್ಲೇ ಇರಲಿಲ್ಲ. ಮೊದಲು ಬಂದ ಬಾಟಲಿಯನ್ನು ಮೊದಲು ಕಳಿಸುವ ಬದಲು, ಅವಧಿ ಬೇಗ ಮುಗಿಯುವ ಬಾಟಲಿಯನ್ನು ಮೊದಲು ಕಳಿಸಬೇಕು ಅನ್ನುವ ಪದ್ಧತಿ ತಂದಿದ್ದೆ. ಎಸೆಯುವ ಬಾಟಲಿಗಳು ಗೊತ್ತಾಗುವಷ್ಟು ಕಡಿಮೆ ಆದವು. ಸಲಹೆಗಾರ್ತಿ ಅದನ್ನು ಕೇಳಿ, ಇದು ಮೊದಲ ಮೂರು ಸಾಲುಗಳಲ್ಲಿ ಬರಬೇಕು ಅಂದರು.

ಹೊಸಬರಿಗೆ ಕೆಲಸ ಕಲಿಸುತ್ತಿದ್ದದ್ದೂ ಹಾಗೆಯೇ ಹೊರಬಂತು. ಯಾರ ಜವಾಬ್ದಾರಿಯೂ ಅಲ್ಲದ ಕೆಲಸ ಅದು. ಹೆಂಗಸರ ಪಾಲಿಗೆ ಇಂಥ ಕೆಲಸ ಕಚೇರಿಯಲ್ಲಿ ತಾನಾಗಿ ಬಂದು ಬೀಳುತ್ತದೆ: ಮೀಟಿಂಗ್‌ನ ಟಿಪ್ಪಣಿ ಬರೆಯುವುದು, ಹೊಸಬರನ್ನು ಸುಧಾರಿಸುವುದು, ಯಾರದೋ ಬೀಳ್ಕೊಡುಗೆಗೆ ಏರ್ಪಾಡು. ಇದರಲ್ಲಿ ಯಾವುದನ್ನು ರೆಸ್ಯೂಮೆಗೆ ತರಬೇಕು, ಯಾವುದನ್ನು ಬಿಡಬೇಕು ಅನ್ನುವುದರಲ್ಲಿ ಆಕೆಯ ಆಯ್ಕೆ ನನಗೆ ಇಷ್ಟವಾಯಿತು. ಕಲಿಸಿದ್ದು ಬರಲಿ, ಎಷ್ಟು ಜನಕ್ಕೆ ಅನ್ನುವುದರ ಸಮೇತ. ಅದು ಮೇಲಿನ ಹುದ್ದೆಗೆ ಬೇಕಾದ ಗುಣ ತೋರಿಸುತ್ತದೆ. ಬೀಳ್ಕೊಡುಗೆ ಏರ್ಪಾಡು ಬೇಡ. ಅದನ್ನು ಬರೆದರೆ ಹೊಸ ಕಚೇರಿಯಲ್ಲೂ ಅದೇ ಕೆಲಸ ಕಾದಿರುತ್ತದೆ.

ಅಂಕಿಗಳ ಬಗ್ಗೆ ಆಕೆ ಹೇಳಿದ್ದೂ ಸರಿಯಾಗಿತ್ತು. ಹಳೆಯ ಕಂಪನಿಯ ದಾಖಲೆ ನಮ್ಮ ಕೈಯಲ್ಲಿ ಇರುವುದಿಲ್ಲ. ನೆನಪಿನಿಂದ ಬರೆಯಬೇಕು. ಸಂದರ್ಶನದಲ್ಲಿ "ಇದು ಹೇಗೆ ಲೆಕ್ಕ ಹಾಕಿದಿರಿ?" ಅಂತ ಕೇಳಿದರೆ ಎರಡು ವಾಕ್ಯದಲ್ಲಿ ವಿವರಿಸಲು ಆಗುವ ಅಂಕಿಯನ್ನು ಮಾತ್ರ ಹಾಕಿ ಅಂದರು. "ಸುಮಾರು" ಅನ್ನುವುದು ತಪ್ಪಲ್ಲ. ಶೇಕಡಾ ಲೆಕ್ಕ ಗೊತ್ತಿಲ್ಲದಿದ್ದರೆ ಎಷ್ಟು ಐಟಂ, ಎಷ್ಟು ಜನ, ಎಷ್ಟು ದಿನ ಅಂತ ಬರೆಯಿರಿ. ಹಳೆಯ ಕಂಪನಿ ಸರಬರಾಜುದಾರರಿಗೆ ಕೊಡುತ್ತಿದ್ದ ದರದಂಥ ಗುಟ್ಟಿನ ವಿವರ ಮಾತ್ರ ಬೇಡವೇ ಬೇಡ. ಅಂಥದ್ದು ಕಂಡರೆ ನಾಳೆ ನಮ್ಮ ಗುಟ್ಟನ್ನೂ ಹೀಗೇ ಹೊರಗೆ ಹಾಕುತ್ತಾರೆ ಅಂತ ಹೊಸ ಕಂಪನಿಗೆ ಅನಿಸುತ್ತದೆ.

ಆ ಫೋನ್ ಇಡುವ ಹೊತ್ತಿಗೆ ನನ್ನ ಹತ್ತಿರ ಪೂರ್ತಿ ಹೊಸ ರೆಸ್ಯೂಮೆಗೆ ಬೇಕಾದ ಸರಕು ಇತ್ತು. ಒಂಬತ್ತು ವರ್ಷ ಮಾಡಿದ ಕೆಲಸ ಇದು ಅಂತ ನನಗೇ ಸ್ಪಷ್ಟವಾಯಿತು. ಇಂಥ ಮಾತುಕತೆ ಇಲ್ಲದೆ ಬರೀ ಫಾರ್ಮ್ ತುಂಬಿಸಿಕೊಂಡು ರೆಸ್ಯೂಮೆ ಕೊಡುವ ಸೇವೆಗಳೂ ಇವೆ. ಅವಕ್ಕೆ ದುಡ್ಡು ಕೊಡಬೇಡಿ. ನಾವು ಬರೆದದ್ದನ್ನೇ ಅಂದವಾಗಿ ಜೋಡಿಸಿ ವಾಪಸ್ ಕೊಡುತ್ತಾರೆ, ಅಷ್ಟೆ.

ಕರಡು ಬಂದಾಗ ಬೇಸರ ಆಯಿತು. ಮಾತಾಡಿದವರೇ ಬರೆಯುವುದಿಲ್ಲ ಅಂತ ಆಗ ತಿಳಿಯಿತು. ಟಿಪ್ಪಣಿಯನ್ನು ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ಒಂದು ಅಚ್ಚಿಗೆ ಹಾಕುತ್ತಾರೆ. ಹೀಗೆ ಇರುವ ಸೇವೆಯನ್ನು ತೆಗೆದುಕೊಳ್ಳುವ ಮೊದಲೇ "ಮಾತಾಡುವವರೇ ಬರೆಯುತ್ತಾರಾ?" ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಮೊದಲ ಸಾಲುಗಳು ಹೀಗಿದ್ದವು: "ಉತ್ಸಾಹಿ, ಶ್ರಮಜೀವಿ, ಎಲ್ಲರೊಡನೆ ಬೆರೆಯುವ, ಸಹಾಯ ಮಾಡುವ ಮನೋಭಾವದ ವೃತ್ತಿಪರೆ." ಇದರಲ್ಲಿ ನಾನು ಎಲ್ಲಿದ್ದೇನೆ? ಯಾರ ಹೆಸರು ಹಾಕಿದರೂ ಹೊಂದುವ ಸಾಲು. ಅದಕ್ಕಿಂತ ಮುಖ್ಯವಾಗಿ, ಹೆಂಗಸರಿಗೆ ಈ ಬಗೆಯ ಮೆಚ್ಚುಗೆಯಿಂದ ನಷ್ಟ ಆಗಬಹುದು. ವಿಶ್ವವಿದ್ಯಾಲಯದ ಹುದ್ದೆಗಳಿಗೆ ಬರೆದ ಶಿಫಾರಸು ಪತ್ರಗಳ ಬಗ್ಗೆ ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಹೆಂಗಸರ ಬಗ್ಗೆ ಬರೆಯುವಾಗ ಸಹಾಯ ಮಾಡುವವರು, ಮೃದು, ಕಾಳಜಿಯುಳ್ಳವರು ಅನ್ನುವಂಥ ಪದಗಳು ಜಾಸ್ತಿ ಬಂದಿದ್ದವು. ಅಂಥ ಪದಗಳು ಜಾಸ್ತಿ ಇದ್ದಷ್ಟೂ, ಓದಿದವರು ಆ ವ್ಯಕ್ತಿಯನ್ನು ಕೆಲಸಕ್ಕೆ ಆರಿಸುವುದು ಕಡಿಮೆ ಆಗಿತ್ತು. ಪತ್ರ ಬೇರೆ, ರೆಸ್ಯೂಮೆ ಬೇರೆ, ನಿಜ. ಆದರೂ ಆ ಗುಣವಾಚಕಗಳನ್ನೆಲ್ಲ ನಾವೇ ನಮಗೆ ಅಂಟಿಸಿಕೊಳ್ಳಲು ಕಾರಣ ಕಾಣುವುದಿಲ್ಲ. ಅದನ್ನು ಹೊಡೆದುಹಾಕಿ ನಾನೇ ಬರೆದೆ: "ಲ್ಯಾಬ್ ಸಾಮಾನುಗಳ ಖರೀದಿ ಮತ್ತು ದಾಸ್ತಾನಿನಲ್ಲಿ 9 ವರ್ಷ. ಮೂರು ಗೋದಾಮುಗಳ ಸುಮಾರು 4,000 ಐಟಂಗಳನ್ನು ಒಂದೇ ಪಟ್ಟಿಗೆ ತಂದು, ವಾರ್ಷಿಕ ಎಣಿಕೆಯನ್ನು ಒಂದು ವಾರದಿಂದ ಎರಡು ದಿನಕ್ಕೆ ಇಳಿಸಿದ್ದೇನೆ."

ಅಲಂಕಾರವೂ ಜಾಸ್ತಿ ಆಗಿತ್ತು. ಎರಡು ಕಾಲಂ, ಬಣ್ಣದ ಪಟ್ಟಿ, ಫೋನಿನ ಪುಟ್ಟ ಚಿತ್ರ. ಎಕ್ಸೆಲ್ ಜ್ಞಾನಕ್ಕೆ ಐದರಲ್ಲಿ ನಾಲ್ಕು ಚುಕ್ಕಿ. ನಾಲ್ಕು ಚುಕ್ಕಿ ಅಂದರೆ ಏನು ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು? ಪಿವಟ್ ಟೇಬಲ್ ಬರುತ್ತದೆ, ಲುಕಪ್ ಸೂತ್ರ ಬರುತ್ತದೆ ಅಂತ ಬರೆದರೆ ಗೊತ್ತಾಗುತ್ತದೆ. ಕಾಲಂಗಳಿಂದ ಇನ್ನೊಂದು ತೊಂದರೆ. ದೊಡ್ಡ ಕಂಪನಿಗಳು ಅರ್ಜಿಗಳನ್ನು ಎಟಿಎಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ತೆಗೆದುಕೊಳ್ಳುತ್ತವೆ. ಅದು ಕಡತದಿಂದ ಅಕ್ಷರಗಳನ್ನು ಹೆಕ್ಕಿ ಹೆಸರು, ಹುದ್ದೆ, ದಿನಾಂಕ ಅಂತ ವಿಂಗಡಿಸುತ್ತದೆ. ಎರಡು ಕಾಲಂ ಇದ್ದರೆ ಎಡದ ಸಾಲು ಬಲದ ಸಾಲಿನ ಜೊತೆ ಕಲಸಿಹೋಗಬಹುದು. ಪುಟದ ಮೇಲಿನ ಹೆಡರ್‌ನಲ್ಲಿ ಫೋನ್ ನಂಬರ್ ಇಟ್ಟರೆ ಕೆಲವು ಸಾಫ್ಟ್‌ವೇರ್‌ಗಳು ಅದನ್ನು ಓದುವುದೇ ಇಲ್ಲ. ನೀವೇ ಪರೀಕ್ಷೆ ಮಾಡಿ ನೋಡಬಹುದು. ಪಿಡಿಎಫ್‌ನಲ್ಲಿ ಇರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಓದಲು ಕ್ರಮವಾಗಿ ಬಂದರೆ ಸರಿ. ನನ್ನ ಕರಡಿನಲ್ಲಿ ಎಕ್ಸೆಲ್ ಹೋಗಿ ಹಳೆಯ ಕಂಪನಿಯ ಹೆಸರಿನ ಮಧ್ಯೆ ಕೂತಿತ್ತು. ಒಂದೇ ಕಾಲಂನ ಸಾದಾ ಪುಟ ಕೊಡಿ, ವರ್ಡ್ ಕಡತವನ್ನೂ ಕೊಡಿ ಅಂತ ಕೇಳಿ ತೆಗೆದುಕೊಂಡೆ. ಬರೀ ಪಿಡಿಎಫ್ ಕೊಟ್ಟರೆ ಒಂದು ಪದ ಬದಲಿಸಲೂ ಮತ್ತೆ ಅವರ ಹತ್ತಿರವೇ ಹೋಗಬೇಕಾಗುತ್ತದೆ.

ಈ ಸಾಫ್ಟ್‌ವೇರ್‌ನ ಹೆಸರಲ್ಲಿ ಹೆದರಿಸುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಬಹುಪಾಲು ರೆಸ್ಯೂಮೆಗಳನ್ನು ಯಂತ್ರವೇ ಕಸಕ್ಕೆ ಎಸೆಯುತ್ತದೆ, ನಮ್ಮ ಕೀವರ್ಡ್ ಇಲ್ಲದೆ ನಿಮಗೆ ಗತಿಯಿಲ್ಲ ಅನ್ನುವ ಧಾಟಿಯ ಇಮೇಲ್‌ಗಳು ಮೇಲಿಂದ ಮೇಲೆ ಬಂದವು. ಅರ್ಜಿ ತುಂಬುವಾಗ ಕೇಳುವ "ಇಂಥ ಲೈಸೆನ್ಸ್ ಇದೆಯೇ?" ಅನ್ನುವಂಥ ಪ್ರಶ್ನೆಗೆ ಇಲ್ಲ ಅಂದರೆ ಅರ್ಜಿ ತಾನಾಗಿ ಹೊರಗೆ ಬೀಳಬಹುದು, ಅದು ನಿಜ. ಉಳಿದಂತೆ ಈ ಸಾಫ್ಟ್‌ವೇರ್ ಮುಖ್ಯವಾಗಿ ಕಡತಗಳನ್ನು ಜೋಡಿಸಿ, ಹುಡುಕಲು ಸುಲಭ ಮಾಡಿಕೊಡುತ್ತದೆ. ಜಾಹೀರಾತಿನಲ್ಲಿ "ಇನ್ವೆಂಟರಿ ಕಂಟ್ರೋಲ್" ಅಂತ ಇದ್ದು ನೀವು ಅದೇ ಕೆಲಸ ಮಾಡಿದ್ದರೆ, ಅದೇ ಪದ ಬಳಸಿ. ಅಷ್ಟು ಮಾಡಿದರೆ ಸಾಕು.

ಯಂತ್ರಗಳ ಮಾತು ಬಂದಿದ್ದರಿಂದ ಇನ್ನೊಂದು ಹೇಳಬೇಕು. ಮನೆಯಲ್ಲಿದ್ದ ವರ್ಷಗಳಲ್ಲಿ ನಾನು ಒಂದು ಮಹಿಳಾ ಸಂಘದ ಖಜಾಂಚಿ ಆಗಿದ್ದೆ. ವರ್ಷದ ಲೆಕ್ಕ ಬರೆದು ಆಡಿಟ್ ಮಾಡಿಸುವ ತನಕ ಎಲ್ಲ ನನ್ನದೇ. ಕರಡಿನಲ್ಲಿ "ಮಹಿಳಾ" ಅನ್ನುವುದನ್ನು ತೆಗೆದು ಬರೀ "ಸಂಘ" ಅಂತ ಮಾಡಿದ್ದರು. ಯಾಕೆ ಅಂದರೆ ಅಮೆಜಾನ್‌ನ ಕಥೆ ಹೇಳಿದರು. ಕಥೆ ನಿಜವೇ. ಅಮೆಜಾನ್ 2014ರಿಂದ ಅರ್ಜಿಗಳಿಗೆ ಅಂಕ ಕೊಡುವ ಒಂದು ಪ್ರೋಗ್ರಾಂ ಬೆಳೆಸುತ್ತಿತ್ತು. ಹತ್ತು ವರ್ಷಗಳ ಹಳೆಯ ರೆಸ್ಯೂಮೆಗಳನ್ನು ಅದಕ್ಕೆ ಪಾಠವಾಗಿ ಕೊಟ್ಟಿದ್ದರು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ಹಾಗಾಗಿ ಮಹಿಳಾ ಚೆಸ್ ಕ್ಲಬ್‌ನ ನಾಯಕಿ ಅನ್ನುವ ತರಹದ ಸಾಲು ಕಂಡರೆ ಅದು ಅಂಕ ಕಡಿಮೆ ಮಾಡುತ್ತಿತ್ತು. ಗಂಡಸರ ರೆಸ್ಯೂಮೆಗಳಲ್ಲಿ ಜಾಸ್ತಿ ಬರುವ ಗಡಸು ಕ್ರಿಯಾಪದಗಳಿಗೆ ಒಲವು ತೋರಿಸುತ್ತಿತ್ತು. ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು. 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇದನ್ನು ಬಯಲಿಗೆ ತಂದಿತು.

ಇದರಿಂದ ನಾವು ಕಲಿಯಬೇಕಾದ್ದು ಆ ಪದವನ್ನು ಅಳಿಸುವುದನ್ನಲ್ಲ. ತಪ್ಪು ಇದ್ದದ್ದು ಯಂತ್ರಕ್ಕೆ ಕೊಟ್ಟ ಪಾಠದಲ್ಲಿ. ಸಂಘದ ನಿಜವಾದ ಹೆಸರನ್ನು ಬದಲಿಸಿದರೆ, ಯಾರಾದರೂ ವಿಚಾರಿಸಿದಾಗ ಆ ಹೆಸರಿನ ಸಂಘ ಸಿಗುವುದಿಲ್ಲ. ನಾನು "ಮಹಿಳಾ" ಅನ್ನುವುದನ್ನು ವಾಪಸ್ ಹಾಕಿದೆ. ಮುಂದೆ ಲೆಕ್ಕದ ಕೆಲಸವನ್ನೂ ಬಿಡಿಸಿ ಬರೆದೆ. ಗಡಸು ಕ್ರಿಯಾಪದದ ವಿಷಯದಲ್ಲಿ ಮಾತ್ರ ಅವರ ಸಲಹೆ ತೆಗೆದುಕೊಂಡೆ. "ಭಾಗವಹಿಸಿದ್ದೇನೆ", "ನೆರವಾಗಿದ್ದೇನೆ" ಹೋಗಿ "ರೂಪಿಸಿದೆ", "ಇಳಿಸಿದೆ", "ತರಬೇತಿ ಕೊಟ್ಟೆ" ಬಂದವು. ನಾನು ನಿಜವಾಗಿ ಮಾಡಿದ್ದೂ ಅದನ್ನೇ.

ಈಗ ಆ ನಾಲ್ಕು ವರ್ಷಗಳ ಮಾತು. ಇಲ್ಲಿ ನನಗೂ ಅವರಿಗೂ ಪೂರ್ತಿ ಭಿನ್ನಾಭಿಪ್ರಾಯ.

ಅವರ ಸಲಹೆ ಫಂಕ್ಷನಲ್ ಮಾದರಿ. ಅಂದರೆ ಮೊದಲ ಪುಟದಲ್ಲಿ ಕೌಶಲಗಳು, ಎರಡನೇ ಪುಟದ ಕೊನೆಯಲ್ಲಿ ಕಂಪನಿಯ ಹೆಸರು, ದಿನಾಂಕ ಎಲ್ಲೂ ಇಲ್ಲ. ಮಧ್ಯದ ವರ್ಷಗಳಲ್ಲಿ ಏನಾಯಿತು ಅಂತ ಗೊತ್ತಾಗದ ಹಾಗೆ ಮುಚ್ಚುವುದು. ನೇಮಕಾತಿ ಮಾಡುವವರು ಈ ಮಾದರಿಯನ್ನು ನೋಡಿದ ಕೂಡಲೇ ಏನೋ ಮುಚ್ಚಿಡುತ್ತಿದ್ದಾರೆ ಅಂತ ಹುಡುಕಲು ಶುರು ಮಾಡುತ್ತಾರೆ. ನಾನು ಖರೀದಿ ವಿಭಾಗದಲ್ಲಿದ್ದಾಗ ಸಂದರ್ಶನಗಳಲ್ಲಿ ಕೂತಿದ್ದೇನೆ. ಇಂಥ ರೆಸ್ಯೂಮೆ ಬಂದರೆ ಮೊದಲ ಪ್ರಶ್ನೆಯೇ ದಿನಾಂಕದ ಮೇಲೆ ಬರುತ್ತಿತ್ತು. ಆಮೇಲೆ ಆ ಸಂದರ್ಶನವೆಲ್ಲ ಅದರ ಸುತ್ತಲೇ ತಿರುಗುತ್ತಿತ್ತು.

ಹಾಗಂತ ಅವರ ಮಾತಿನಲ್ಲಿ ಹುರುಳೇ ಇಲ್ಲ ಅಂತಲ್ಲ. ಬ್ರಿಟನ್‌ನಲ್ಲಿ ನಡೆದ ಒಂದು ದೊಡ್ಡ ಪ್ರಯೋಗ "ನೇಚರ್ ಹ್ಯೂಮನ್ ಬಿಹೇವಿಯರ್" ಪತ್ರಿಕೆಯ 2023ರ ಸಂಪುಟದಲ್ಲಿ ಬಂದಿದೆ. ಸುಮಾರು 9,000 ಅರ್ಜಿ ಕಳಿಸಿ ನೋಡಿದ್ದರು. ಇಂಥ ವರ್ಷದಿಂದ ಇಂಥ ವರ್ಷದವರೆಗೆ ಅಂತ ಬರೆಯುವ ಬದಲು, ಪ್ರತಿ ಕೆಲಸದ ಮುಂದೆ ಎಷ್ಟು ವರ್ಷ ಮಾಡಿದ್ದು ಅಂತ ಬರೆದ ರೆಸ್ಯೂಮೆಗಳಿಗೆ ಕರೆ ಜಾಸ್ತಿ ಬಂತು. ಕಣ್ಣು ಖಾಲಿ ಜಾಗಕ್ಕೆ ಹೋಗುವ ಬದಲು ಅನುಭವಕ್ಕೆ ಹೋಗುತ್ತದೆ ಅನ್ನುವುದು ಇದರ ಹಿಂದಿನ ಯೋಚನೆ. ಇದು ಫಂಕ್ಷನಲ್ ಮಾದರಿ ಅಲ್ಲ ಅನ್ನುವುದನ್ನು ಗಮನಿಸಿ. ಕೆಲಸಗಳು ಕ್ರಮವಾಗಿಯೇ ಇರುತ್ತವೆ, ಕಂಪನಿಯ ಹೆಸರೂ ಇರುತ್ತದೆ. ಎಷ್ಟು ವರ್ಷ ಅನ್ನುವುದು ಎದ್ದು ಕಾಣುತ್ತದೆ, ಅಷ್ಟೆ.

ನಾನು ಮಾಡಿದ್ದು ಹೀಗೆ. ಹುದ್ದೆಯ ಮುಂದೆ ದಪ್ಪ ಅಕ್ಷರದಲ್ಲಿ "9 ವರ್ಷ". ಕೆಳಗೆ ಸಣ್ಣದಾಗಿ ವರ್ಷಗಳು. ಅದರ ಮೇಲೆ, ಕ್ರಮದಲ್ಲಿ ಬರಬೇಕಾದ ಜಾಗದಲ್ಲೇ, ಒಂದು ಸಾಲು: "ಕುಟುಂಬದ ಆರೈಕೆಗಾಗಿ ಬಿಡುವು, 4 ವರ್ಷ. ಆ ಅವಧಿಯಲ್ಲಿ ಮಹಿಳಾ ಸಂಘದ ಖಜಾಂಚಿ. ದಾಸ್ತಾನು ಸಾಫ್ಟ್‌ವೇರ್‌ನ ಒಂದು ಕೋರ್ಸ್ ಮುಗಿಸಿದ್ದೇನೆ." ಯಾರ ಕಾಯಿಲೆ, ಯಾವ ಕಾಯಿಲೆ, ಮಗಳ ವಯಸ್ಸು, ಯಾವುದೂ ಇಲ್ಲ. ಕ್ಷಮೆ ಕೇಳುವ ಧ್ವನಿಯೂ ಇಲ್ಲ. ಪಾರ್ಶ್ವವಾಯು ಆದ ಒಬ್ಬರನ್ನು ಎಬ್ಬಿಸಿ ಕೂರಿಸಿ, ಔಷಧಿ ವೇಳೆ ನೋಡಿ, ಮತ್ತೆ ನಡೆಯುವ ಹಾಗೆ ಮಾಡಿದ್ದಕ್ಕೆ ಯಾರಾದರೂ ಯಾಕೆ ಕ್ಷಮೆ ಕೇಳಬೇಕು? ಅದನ್ನು ಮುಚ್ಚಿಡಬೇಕಾದ ಸಂಗತಿ ಅಂತ ಹೇಳುವ ಸೇವೆ, ಹೇಳದೆಯೇ ನಮ್ಮ ತಲೆ ತಗ್ಗಿಸುತ್ತದೆ. ಲಿಂಕ್ಡ್‌ಇನ್ ಕೂಡ 2022ರಲ್ಲಿ ವೃತ್ತಿಯ ಬಿಡುವನ್ನು ಕೆಲಸಗಳ ಪಟ್ಟಿಯಲ್ಲೇ ತೋರಿಸುವ ಅನುಕೂಲ ತಂದಿತು. ಆರೈಕೆ, ಮಕ್ಕಳ ಪಾಲನೆ, ಆರೋಗ್ಯ ಅಂತ ಕಾರಣ ಆರಿಸಬಹುದು. ಅಲ್ಲಿ ಒಂದು, ರೆಸ್ಯೂಮೆಯಲ್ಲಿ ಇನ್ನೊಂದು ಇದ್ದರೆ ಅನುಮಾನ ಬರುತ್ತದೆ. ಎರಡನ್ನೂ ಒಂದೇ ತರಹ ಇಡಿ. ದಿನಾಂಕಗಳನ್ನು ಎಳೆದು ಉದ್ದ ಮಾಡುವುದಂತೂ ಬೇಡ. ಕೆಲಸ ಕೊಡುವ ಮೊದಲು ಹಳೆಯ ಕಂಪನಿಗೆ ಫೋನ್ ಮಾಡಿ ವಿಚಾರಿಸುವುದು ಈಗ ಮಾಮೂಲು.

ಹೆಸರು ಬದಲಾದವರಿಗೂ ಒಂದು ಮಾತು. ನನ್ನ ಪ್ರಮಾಣಪತ್ರಗಳು ಮದುವೆಗೆ ಮುಂಚಿನ ಹೆಸರಿನಲ್ಲಿವೆ. ಈ ಸೇವೆಯವರು ಅದನ್ನು ಗಮನಿಸಲೇ ಇಲ್ಲ. ಹೆಂಗಸರಿಗೆಂದೇ ಇರುವ ಸೇವೆ ಇದನ್ನು ಮೊದಲ ದಿನವೇ ಕೇಳಬೇಕಿತ್ತು. ರೆಸ್ಯೂಮೆ, ಇಮೇಲ್, ಲಿಂಕ್ಡ್‌ಇನ್ ಮೂರರಲ್ಲೂ ಈಗ ಬಳಸುವ ಒಂದೇ ಹೆಸರು ಇರಲಿ. ದಾಖಲೆ ಪರಿಶೀಲನೆಯ ಹೊತ್ತಿಗೆ ಹೆಸರು ಬದಲಾದ ಪತ್ರವನ್ನು ಕೊಟ್ಟರೆ ಆಯಿತು.

ಕವರ್ ಲೆಟರ್ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಕಂಪನಿಯ ಹೆಸರಿನ ಜಾಗ ಖಾಲಿ ಬಿಟ್ಟ ಒಂದು ಅಚ್ಚು ಬಂತು. ಅದನ್ನು ಬಳಸಲಿಲ್ಲ. ಲಿಂಕ್ಡ್‌ಇನ್ ಬರಹ ರೆಸ್ಯೂಮೆಯ ನಕಲು.

"ಇಷ್ಟು ದಿನದಲ್ಲಿ ಸಂದರ್ಶನ ಖಚಿತ" ಅನ್ನುವ ಭರವಸೆಯನ್ನು ಮಾತ್ರ ನಂಬಬೇಡಿ. ಕೆಳಗೆ ಸಣ್ಣ ಅಕ್ಷರದಲ್ಲಿ ಓದಿದರೆ, ಸಂದರ್ಶನ ಬರದಿದ್ದರೆ ಇನ್ನೊಮ್ಮೆ ಬರೆದುಕೊಡುತ್ತೇವೆ ಅಂತ ಮಾತ್ರ ಇತ್ತು. ಭರವಸೆ ಕೊಡಲು ಆಗದಿರುವುದಕ್ಕೆ ಕಾರಣವೂ ಇದೆ. 2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 127 ಮಂದಿ ವಿಜ್ಞಾನದ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಹುದ್ದೆಯ ಒಂದೇ ಅರ್ಜಿ ಕಳಿಸಿದರು. ಅರ್ಧ ಜನಕ್ಕೆ ಹೋದದ್ದರಲ್ಲಿ ಜಾನ್ ಅಂತ ಹೆಸರು, ಉಳಿದವರಿಗೆ ಹೋದದ್ದರಲ್ಲಿ ಜೆನಿಫರ್. ಅಕ್ಷರ ಅಕ್ಷರ ಒಂದೇ. ಆದರೂ ಜಾನ್ ಹೆಚ್ಚು ಸಮರ್ಥ ಅನಿಸಿದ. ಅವನಿಗೆ ಸರಾಸರಿ 30,238 ಡಾಲರ್ ಸಂಬಳ ಕೊಡಬಹುದು ಅಂದರು, ಅವಳಿಗೆ 26,508. ಹಾಗೆ ಅಂದವರಲ್ಲಿ ಮಹಿಳಾ ಪ್ರಾಧ್ಯಾಪಕರೂ ಇದ್ದರು. ರೆಸ್ಯೂಮೆ ಸರಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಈ ಭಾಗವನ್ನು ಹೇಳುವುದಿಲ್ಲ. ಕರೆ ಬಾರದಿದ್ದಾಗಲೆಲ್ಲ ನಮ್ಮ ಪುಟದಲ್ಲೇ ಏನೋ ಕೊರತೆ ಅಂತ ಕೊರಗುವ ಗೆಳತಿಯರನ್ನು ನೋಡಿದ್ದೇನೆ. ಓದುವವರ ಕಣ್ಣಿನಲ್ಲಿರುವ ಕೊರತೆಗೆ ಅವರು ಹೊಣೆ ಅಲ್ಲ.

ನಾನು ತಿದ್ದಿದ ರೆಸ್ಯೂಮೆಗೆ ಕರೆ ಬಂದವು. ಒಂದು ಸಂದರ್ಶನದಲ್ಲಿ ಅರ್ಧ ಹೊತ್ತು ಮಾತಾಡಿದ್ದು ಆ ಕೋಡ್ ಪಟ್ಟಿಯ ಬಗ್ಗೆಯೇ. ಮೂರು ಗೋದಾಮಿನವರನ್ನು ಹೇಗೆ ಒಪ್ಪಿಸಿದಿರಿ ಅಂತ ಕೇಳಿದರು. ಹೇಳಲು ಬಹಳ ಇತ್ತು. ಬಿಡುವಿನ ಸಾಲಿನ ಬಗ್ಗೆ ಒಂದು ಪ್ರಶ್ನೆ ಬಂತು, ಒಂದು ವಾಕ್ಯದ ಉತ್ತರ ಕೊಟ್ಟೆ, ಮುಂದಿನ ವಿಷಯಕ್ಕೆ ಹೋದರು. ಈಗ ಅಲ್ಲೇ ಕೆಲಸಕ್ಕೆ ಸೇರಿದ್ದೇನೆ.

ಯಾರಿಗೆ ಈ ಸೇವೆ ಬೇಕು ಅಂತ ಕೇಳಿದರೆ, ತಮ್ಮ ಕೆಲಸದ ಬಗ್ಗೆ ಕೂತು ಕೇಳುವವರು ಯಾರೂ ಇಲ್ಲದವರಿಗೆ ಬೇಕು. ಮಾತುಕತೆಯನ್ನಷ್ಟೇ ಬೇರೆಯಾಗಿ ಕೊಡುತ್ತಾರಾ ಅಂತ ವಿಚಾರಿಸಿ. ಕೊಟ್ಟರೆ ಅದನ್ನಷ್ಟೇ ತೆಗೆದುಕೊಳ್ಳಿ. ಆ ಟಿಪ್ಪಣಿ ನಿಮಗೂ ಸಿಗಬೇಕು ಅಂತ ಮೊದಲೇ ಹೇಳಿ. ಕೆಲಸ ಮುಗಿದ ಮೇಲೆ ನಿಮ್ಮ ವಿವರ ಅಳಿಸಿಹಾಕಲು ಇಮೇಲ್ ಮಾಡಿ. ನನ್ನ ವಿಷಯದಲ್ಲಿ ಕೇಳಿದ ಕೂಡಲೇ ಅಳಿಸಿದರು, ಅದಕ್ಕೆ ಅವರನ್ನು ಮೆಚ್ಚುತ್ತೇನೆ.

ಕೇಳುವವರು ಮನೆಯಲ್ಲೋ ಗೆಳೆಯರಲ್ಲೋ ಇದ್ದರೆ ದುಡ್ಡೇ ಬೇಡ. ಶಾಲೆಯೊಂದರ ಆಫೀಸಿನಲ್ಲಿ ಆರು ವರ್ಷ ಇದ್ದು, ಆಮೇಲೆ ಮನೆಯಲ್ಲಿದ್ದ ನನ್ನ ಗೆಳತಿಗೆ ಅದೇ ಪ್ರಶ್ನೆಗಳನ್ನು ಫೋನಿನಲ್ಲಿ ನಾನೇ ಕೇಳಿದೆ. "ಸುಮ್ನೆ ಫೈಲ್ ನೋಡ್ಕೋತಿದ್ದೆ ಕಣೆ" ಅಂತ ಶುರು ಮಾಡಿದಳು. ನೀನು ಇಲ್ಲದ ದಿನ ಏನು ನಿಲ್ಲುತ್ತಿತ್ತು ಅಂದೆ. ಶುಲ್ಕದ ರಸೀದಿ ನಿಲ್ಲುತ್ತಿತ್ತು ಅಂದಳು. ಯಾಕೆ ಅಂದೆ. ಆ ಶಾಲೆಯ 600 ಮಕ್ಕಳ ಶುಲ್ಕದ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರ್‌ಗೆ ತಂದವಳು ಅವಳೇ. ಬಾಕಿ ಉಳಿಸಿಕೊಂಡವರ ಪಟ್ಟಿ ಪ್ರತಿ ತಿಂಗಳು ಹೊರಗೆ ತೆಗೆಯುವ ವ್ಯವಸ್ಥೆಯೂ ಅವಳದೇ. ಅವಳ ಹಳೆಯ ರೆಸ್ಯೂಮೆಯಲ್ಲಿ ಇದ್ದದ್ದು "ಕಚೇರಿ ಸಹಾಯಕಿ" ಅನ್ನುವ ಎರಡು ಪದ. ಹೊಸದರಲ್ಲಿ ಆ ಹುದ್ದೆಯ ಕೆಳಗೆ ಐದು ಸಾಲು ಇವೆ, ಐದಕ್ಕೂ ಅವಳ ಹತ್ತಿರ ವಿವರಣೆ ಇದೆ. ಮೊನ್ನೆ ಒಂದು ಕಾಲೇಜಿನ ಲೆಕ್ಕಪತ್ರ ವಿಭಾಗಕ್ಕೆ ಅರ್ಜಿ ಹಾಕಿದ್ದಾಳೆ.